ಫ್ರಿಕ್ ಬಂಗಲೆಗೆ ಹೋಗುವ ಮುನ್ನ

ನ್ಯೂಯಾರ್ಕಿಗೆ ಹೋದವರು ಮೆಟ್ರೊಪಾಲಿಟನ್ ಮ್ಯೂಸಿಯಂ ಸುತ್ತಿ ಕಾಲು ನೋಯಿಸಿಕೊಂಡು ಬರುವುದು ವಾಡಿಕೆ. ನಾವೂ ಅದನ್ನೇ ಮಾಡಿದೆವು. ಎರಡು ದಿನ ಬಿಟ್ಟು, ಅಲ್ಲಿಂದ ಹನ್ನೆರಡು ಬೀದಿ ಕೆಳಗಿರುವ ಫ್ರಿಕ್ ಕಲೆಕ್ಷನ್‌ಗೆ ಹೋದೆವು; ಫ್ರಿಕ್ ಎಂಬ ಸಾಹುಕಾರನ ಬಂಗಲೆಯೇ ಈಗ ಕಲಾ ಮ್ಯೂಸಿಯಂ. ಒಂದೇ ಮ್ಯೂಸಿಯಂಗೆ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಮೊದಲು ಟಿಕೆಟ್ ವಿಷಯ. ನಾವು ಹೋದಾಗ ದೊಡ್ಡವರಿಗೆ 30 ಡಾಲರ್ ಇತ್ತು. ಬುಧವಾರ ಮಧ್ಯಾಹ್ನ 1:30ರಿಂದ ಮಾತ್ರ ಕೈಲಾದಷ್ಟು ಕೊಟ್ಟು ಒಳಗೆ ಹೋಗಬಹುದು. ಆದರೆ ಅದಕ್ಕೂ ಆನ್‌ಲೈನಿನಲ್ಲಿ ಮೊದಲೇ ಸಮಯ ಕಾಯ್ದಿರಿಸುವುದು ಒಳ್ಳೆಯದು. ಮಂಗಳವಾರ ರಜೆ. ಹತ್ತು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದೇ ಇಲ್ಲ, ಇದನ್ನು ಮರೆಯಬೇಡಿ. ಅಕ್ಕನ ಮಗನಿಗೆ ಎಂಟು ವರ್ಷ. ಹಾಗಾಗಿ ಸರದಿ ಹಾಕಿಕೊಂಡೆವು: ಒಬ್ಬರು ಒಳಗೆ, ಒಬ್ಬರು ಎದುರಿನ ಸೆಂಟ್ರಲ್ ಪಾರ್ಕಿನಲ್ಲಿ ಅವನ ಹಿಂದೆ. ಇಬ್ಬರಿಗೂ ಬೇರೆ ಬೇರೆ ಹೊತ್ತಿನ ಟಿಕೆಟ್ ತೆಗೆದರೆ ಸಾಕು. 6ನೇ ನಂಬರಿನ ಸಬ್‌ವೇಯಲ್ಲಿ 68ನೇ ಬೀದಿಯಲ್ಲಿ ಇಳಿದರೆ ಸ್ವಲ್ಪ ದೂರದ ನಡಿಗೆ.

ಹೆನ್ರಿ ಕ್ಲೇ ಫ್ರಿಕ್ ಪಿಟ್ಸ್‌ಬರ್ಗಿನಲ್ಲಿ ಕೋಕ್ (ಕಲ್ಲಿದ್ದಲಿನಿಂದ ಮಾಡುವ, ಕುಲುಮೆಗೆ ಹಾಕುವ ಇಂಧನ) ಮತ್ತು ಉಕ್ಕಿನಿಂದ ಹಣ ಮಾಡಿದವನು. 1892ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರ ಮುರಿಯಲು ಖಾಸಗಿ ಕಾವಲುಪಡೆ ಕರೆಸಿ, ಎರಡೂ ಕಡೆ ಹೆಣ ಬಿದ್ದದ್ದು ಇವನ ಕಾಲದಲ್ಲೇ. ಅದೇ ವರ್ಷ ಇವನ ಮೇಲೂ ಗುಂಡು ಹಾರಿತು, ಬದುಕಿಕೊಂಡ. ಈ ಮನೆ ಕಟ್ಟಿಸಿದ್ದು 1910ರ ದಶಕದಲ್ಲಿ. 1919ರಲ್ಲಿ ತೀರಿಹೋದ, ಹೆಂಡತಿಯೂ ಹೋದ ಮೇಲೆ, 1935ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ಇಷ್ಟು ತಿಳಿದು ಹೋದರೆ ಒಳಗಿನದ್ದು ಬೇರೆಯೇ ರೀತಿ ಕಾಣುತ್ತದೆ.

ಲಿವಿಂಗ್ ಹಾಲ್‌ನಲ್ಲಿ ನಾನು ಅರ್ಧ ಗಂಟೆ ನಿಂತೆ. ಅಗ್ಗಿಷ್ಟಿಕೆಯ ಒಂದು ಬದಿಗೆ ಥಾಮಸ್ ಮೋರ್, ಇನ್ನೊಂದು ಬದಿಗೆ ಥಾಮಸ್ ಕ್ರಾಮ್‌ವೆಲ್. ಎರಡೂ ಜರ್ಮನ್ ಚಿತ್ರಕಾರ ಹೋಲ್ಬೈನ್ ಬರೆದವು. ಇಬ್ಬರೂ ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿಯ ಮಂತ್ರಿಗಳು; ಆ ಆಸ್ಥಾನದಲ್ಲಿ ಮೋರ್‌ನ ತಲೆ ಹಾರಿಸುವಲ್ಲಿ ಕ್ರಾಮ್‌ವೆಲ್‌ನ ಕೈಯಿತ್ತು. 1535ರಲ್ಲಿ ಮೋರ್ ಹೋದ, ಐದೇ ವರ್ಷಕ್ಕೆ ಕ್ರಾಮ್‌ವೆಲ್‌ನ ತಲೆಯೂ ಉರುಳಿತು. ಮೋರ್‌ನ ಗಡ್ಡದ ಕುರುಚಲು, ತೋಳಿನ ಕೆಂಪು ಮಖಮಲ್ಲಿನ ಹೊಳಪು ಹತ್ತಿರ ಹೋಗಿಯೇ ನೋಡಬೇಕು. ಶತ್ರುಗಳಿಬ್ಬರೂ ಒಂದು ಕೋಣೆಯ ಬೆಂಕಿಗೆ ಕಾವಲು ಕೂತ ಹಾಗಿದೆ. ಎದುರು ಗೋಡೆಯಲ್ಲಿ ಇಟಲಿಯ ಚಿತ್ರಕಾರ ಬೆಲ್ಲಿನಿಯ ಸಂತ ಫ್ರಾನ್ಸಿಸ್: ಬರಿಗಾಲಲ್ಲಿ, ಬಂಡೆಗಳ ನಡುವೆ, ಎಲ್ಲ ಬಿಟ್ಟವನು. ಇದನ್ನು ದುಡ್ಡು ಸುರಿದು ಕೊಂಡವನು ಫ್ರಿಕ್! ನನಗೆ ನಗು ಬಂತು, ಆದರೆ ಚಿತ್ರದ ಮುಂದಿನಿಂದ ಕಾಲು ಕೀಳಲಾಗಲಿಲ್ಲ.

ಇಲ್ಲಿ ಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿಲ್ಲ. ಗೋಡೆಯ ಮೇಲೆ ಉದ್ದುದ್ದ ವಿವರಣೆಯೂ ಇಲ್ಲ. ಮನೆಯವನಿಗೆ ಎಲ್ಲಿ ಚೆಂದವೆನಿಸಿತೋ ಅಲ್ಲಿ ಹಾಕಿಕೊಂಡ ಹಾಗೆ. ಓದದೆ ಹೋದರೆ ಗಲಿಬಿಲಿ ಖಂಡಿತ. ಬ್ಲೂಮ್‌ಬರ್ಗ್ ಕನೆಕ್ಟ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ವಿವರಣೆಗಳಿವೆ, ಇಯರ್‌ಫೋನ್ ಒಯ್ಯಿರಿ. ಗ್ಯಾಲರಿಗಳಲ್ಲಿ ಫೋಟೋ ತೆಗೆಯುವಂತಿಲ್ಲ; ಮೊದಲು ಬೇಜಾರಾಯಿತು, ಆಮೇಲೆ ಅದೇ ಉಪಕಾರವೆನಿಸಿತು, ಎಲ್ಲರ ಕಣ್ಣೂ ಗೋಡೆಯ ಮೇಲಿತ್ತು.

ವೆಸ್ಟ್ ಗ್ಯಾಲರಿ ಸುಮಾರು ನೂರು ಅಡಿ ಉದ್ದ. ಅಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1658ರಲ್ಲಿ ತನ್ನದೇ ರೂಪ ಬರೆದುಕೊಂಡ ಚಿತ್ರದ ಎದುರು ಬೆಂಚಿದ್ದರೆ ಕೂರಿ. ದಿವಾಳಿಯೆದ್ದು ಮನೆ ಕಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಹೊನ್ನಿನ ಬಣ್ಣದ ಬಟ್ಟೆ ತೊಟ್ಟು ರಾಜನ ಹಾಗೆ ಕೂತಿದ್ದಾನೆ. ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರ್‌ನ ಚಿತ್ರಗಳು ಇಲ್ಲಿ ಮೂರಿವೆ. ಜಗತ್ತಿನಲ್ಲೆಲ್ಲ ಸೇರಿ ಮೂವತ್ತೈದು ಚಿಲ್ಲರೆ ಇರುವಾಗ ಮೂರು! 'ಅಧಿಕಾರಿ ಮತ್ತು ನಗುವ ಹುಡುಗಿ' ಅಂಗೈಯಲ್ಲಿ ಹಿಡಿಯುವಷ್ಟಲ್ಲದಿದ್ದರೂ ಒಂದೂವರೆ ಅಡಿ ಚಿಲ್ಲರೆ. ದೊಡ್ಡ ಚಿತ್ರಗಳ ಗುಂಗಿನಲ್ಲಿ ದಾಟಿಹೋಗುವುದು ಸುಲಭ. ಫ್ರೆಂಚ್ ಚಿತ್ರಕಾರ ಫ್ರಾಗೊನಾರ್‌ನ ಪ್ರೇಮದ ಚಿತ್ರಗಳಿರುವ ಕೋಣೆ ನನಗೆ ಅತಿ ಸಿಹಿಯಾಯಿತು. ಅಕ್ಕನಿಗೆ ಅದೇ ಇಷ್ಟ.

2020ರಲ್ಲಿ ದುರಸ್ತಿಗೆ ಮುಚ್ಚಿ, 2025ರ ಏಪ್ರಿಲ್‌ನಲ್ಲಿ ಮತ್ತೆ ತೆರೆದಾಗ ಮೇಲಿನ ಮಹಡಿಯನ್ನೂ ಜನರಿಗೆ ಮೊದಲ ಬಾರಿ ಬಿಟ್ಟರು. ಕುಟುಂಬದವರ ಮಲಗುವ ಕೋಣೆಗಳು ಅಲ್ಲಿವೆ. ಕೋಣೆಗಳು ಚಿಕ್ಕವು, ಜನ ಸೇರಿದರೆ ಇಕ್ಕಟ್ಟು. ಹಾಗಾಗಿ ಬಾಗಿಲು ತೆರೆಯುತ್ತಲೇ ಹೋಗಿ, ಎಲ್ಲರೂ ಕೆಳಗೆ ಸೇರುವಷ್ಟರಲ್ಲಿ ಮೇಲಿನದನ್ನು ನೋಡಿ ಮುಗಿಸಿ. ದೊಡ್ಡ ಬ್ಯಾಗು ತರಬೇಡಿ. ಎರಡೂವರೆ ಗಂಟೆ ಸಾಕು, ಮೂರಾದರೆ ಇನ್ನೂ ಒಳ್ಳೆಯದು.

ಹೊರಡುವ ಮೊದಲು ಗಾರ್ಡನ್ ಕೋರ್ಟ್‌ನಲ್ಲಿ ಹತ್ತು ನಿಮಿಷ ಕೂರಿ. ಫ್ರಿಕ್ ಇದ್ದಾಗ ಗಾಡಿಗಳು ನಿಲ್ಲುತ್ತಿದ್ದ ತೆರೆದ ಅಂಗಳ ಅದು. ಈಗ ಮೇಲೆ ಗಾಜು, ನಡುವೆ ಕಾರಂಜಿ. ಫಿಫ್ತ್ ಅವೆನ್ಯೂದಲ್ಲಿ ಬಸ್ಸುಗಳು ದಕ್ಷಿಣಕ್ಕೆ ಮಾತ್ರ ಓಡುತ್ತವೆ. ಉತ್ತರಕ್ಕೆ ಹೋಗುವವರು ಮ್ಯಾಡಿಸನ್ ಅವೆನ್ಯೂವರೆಗೆ ನಡೆಯಬೇಕು.