ಕಾಸರಗೋಡಿನ ಸಣ್ಣ ವೆಬ್‌ಸೈಟಿಗೆ ಲಿಂಕು ಎಲ್ಲಿಂದ ಬರಬೇಕು?

ಬದಿಯಡ್ಕ, ಕುಂಬಳೆ, ಮುಳ್ಳೇರಿಯದ ಕಡೆ ನರ್ಸರಿ, ಹೋಂಸ್ಟೇ, ಸ್ಪ್ರೇಯರ್ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಮಾಲೀಕರಿಂದ ಬರುವ ಮೊದಲ ಪ್ರಶ್ನೆ ಬಹುತೇಕ ಇದೇ: "ಐನೂರು ಬ್ಯಾಕ್‌ಲಿಂಕ್ ಎರಡು ಸಾವಿರಕ್ಕೆ ಕೊಡ್ತಾರಂತೆ, ತಕ್ಕೊಳ್ಳುವುದಾ?" ಬ್ಯಾಕ್‌ಲಿಂಕ್ ಎಂದರೆ ಬೇರೆ ಸೈಟಿನಿಂದ ನಮ್ಮ ಸೈಟಿಗೆ ಬರುವ ಲಿಂಕು; ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಬರಲು, ಅಂದರೆ ರ‍್ಯಾಂಕ್ ಏರಲು, ಅದು ನೆರವಾಗುತ್ತದೆ.

ಬೇಡ. 2012ರ ಏಪ್ರಿಲ್‌ನಲ್ಲಿ ಗೂಗಲ್ ಇಂಥ ಲಿಂಕುಗಳನ್ನು ಹಿಡಿಯುವ 'ಪೆಂಗ್ವಿನ್' ಎಂಬ ಬದಲಾವಣೆಯನ್ನು ತಂದಾಗ ಇಂಥ ಲಿಂಕು ಕೊಂಡ ಸೈಟುಗಳು ರ‍್ಯಾಂಕ್‌ನಲ್ಲಿ ಕೆಳಗೆ ಬಿದ್ದವು. 2016ರ ಸೆಪ್ಟೆಂಬರ್‌ನಲ್ಲಿ ಅದು ಮುಖ್ಯ ಅಲ್ಗಾರಿದಮ್ಮಿನ ಒಳಗೇ ಸೇರಿತು. ಅಲ್ಲಿಂದೀಚೆಗೆ ಕೆಟ್ಟ ಲಿಂಕನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಮಾರುವವರು ತೋರಿಸುವ 'ಡಿಎ 50' (ಡೊಮೈನ್ ಅಥಾರಿಟಿ, ಸೈಟಿನ ಬಲದ ಅಳತೆ) ಎಂಬ ಅಂಕಿಯೂ ಗೂಗಲಿನದಲ್ಲ. ಅದು ಮಾಜ್ ಎಂಬ ಬೇರೆ ಕಂಪನಿಯ ಅಂದಾಜು, ಗೂಗಲ್ ಅದನ್ನು ಬಳಸುವುದಿಲ್ಲ.

ಹೊಸ ಲಿಂಕು ಹುಡುಕುವ ಮೊದಲು, ಬಂದೂ ಹಾಳಾಗಿರುವ ಲಿಂಕುಗಳನ್ನು ಸರಿಪಡಿಸಬೇಕು. ಸಣ್ಣ ಸೈಟುಗಳಿಗೆ ಹೆಚ್ಚು ಫಲ ಕೊಡುವ ಕೆಲಸ ಇದೇ, ಖರ್ಚೂ ಇಲ್ಲ.

ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ 'ಲಿಂಕ್ಸ್' ವಿಭಾಗ ತೆರೆದು, ಹೊರಗಿನಿಂದ ಹೆಚ್ಚು ಲಿಂಕು ಬಂದಿರುವ ಪುಟಗಳ ಪಟ್ಟಿಯನ್ನು ಇಳಿಸಿಕೊಳ್ಳಿ. ಒಂದೊಂದೇ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಹಳೆಯ ಎಚ್‌ಟಿಎಂಎಲ್ ಸೈಟನ್ನು ವರ್ಡ್‌ಪ್ರೆಸ್ಸಿಗೆ ಬದಲಿಸಿದ ಕಡೆಯಲ್ಲೆಲ್ಲ ಕೆಲವಾದರೂ 404, ಅಂದರೆ 'ಪುಟ ಇಲ್ಲ' ಎಂಬ ಉತ್ತರ, ಸಿಕ್ಕೇ ಸಿಗುತ್ತವೆ. ಅಂಥ ಪ್ರತಿ ಹಳೆಯ ವಿಳಾಸಕ್ಕೂ, ಅದೇ ವಿಷಯ ಇರುವ ಹೊಸ ಪುಟಕ್ಕೆ 301 ರಿಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಆಗಿ ಕಳಿಸುವ ಸೂಚನೆ) ಹಾಕಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಸಂಬಂಧವಿಲ್ಲದ ಪುಟಕ್ಕೆ ಹೋಗುವ ರಿಡೈರೆಕ್ಟನ್ನು ಗೂಗಲ್ 'ಸಾಫ್ಟ್ 404', ಅಂದರೆ ಇಲ್ಲದ ಪುಟ, ಎಂದು ಎಣಿಸಬಹುದು, ಆಗ ಲಿಂಕಿನ ಬಲ ದಾಟಿಬರುವುದಿಲ್ಲ. ಹಾಕಿದ ರಿಡೈರೆಕ್ಟನ್ನು ಕನಿಷ್ಠ ಒಂದು ವರ್ಷ ತೆಗೆಯಬೇಡಿ. ತೆಗೆಯದೇ ಇದ್ದರೆ ಇನ್ನೂ ಒಳ್ಳೆಯದು.

ಕನ್ನಡ ಸೈಟುಗಳಿಗೆ ಇನ್ನೊಂದು ತೊಡಕಿದೆ. ಪುಟದ ವಿಳಾಸವೇ ಕನ್ನಡ ಅಕ್ಷರದಲ್ಲಿದ್ದರೆ, ಅದನ್ನು ನಕಲು ಮಾಡಿದಾಗ ಶೇಕಡಾ ಚಿಹ್ನೆಗಳ ಸರಪಳಿಯಾಗುತ್ತದೆ. ಯುನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆಯೂ ಮೂರು ಬೈಟ್, ಒಂದು ಬೈಟಿಗೆ ವಿಳಾಸದಲ್ಲಿ ಮೂರು ಅಕ್ಷರ. 'ಅಡಿಕೆ' ಎಂಬ ಪದ ನೋಡಿ: ಅ, ಡ, ಗುಡಿಸು, ಕ, ಎತ್ವ, ಒಟ್ಟು ಐದು ಚಿಹ್ನೆ. ವಿಳಾಸದಲ್ಲಿ ಅದು 45 ಅಕ್ಷರ. ನಾಲ್ಕೈದು ಪದದ ಶೀರ್ಷಿಕೆಯಾದರೆ ಇನ್ನೂರು ದಾಟುತ್ತದೆ. ಇ-ಮೇಲಿನಲ್ಲೋ ಸುದ್ದಿ ಪೋರ್ಟಲಿನಲ್ಲಿ ಬರಹ ತುಂಬುವ ಪೆಟ್ಟಿಗೆಯಲ್ಲೋ ಅದು ಮಧ್ಯದಲ್ಲಿ ತುಂಡಾದರೆ ಲಿಂಕು ಸತ್ತಂತೆ. ಕನ್ನಡ ವಿಳಾಸ ಗೂಗಲಿಗೆ ಅರ್ಥವಾಗುತ್ತದೆ, ಆ ಬಗ್ಗೆ ಚಿಂತೆ ಬೇಡ. ಒಡೆಯುವುದು ಮನುಷ್ಯರ ಕೈಯಲ್ಲಿ. ಅದಕ್ಕೇ ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸ ಮಾತ್ರ ಎರಡು ಮೂರು ಇಂಗ್ಲಿಷ್ ಪದಗಳದ್ದಾಗಿರಲಿ.

ಮುಂದಿನದು, ಹೆಸರು ಬಂದೂ ಲಿಂಕು ಬಾರದ ಜಾಗಗಳು. ನಮ್ಮ ಕಡೆ ಇವು ಧಾರಾಳ. ಪತ್ರಿಕೆಯ ಕಾಸರಗೋಡು ಪುಟದಲ್ಲಿ ಸುದ್ದಿ ಬಂದಿರುತ್ತದೆ, ಆದರೆ ಇ-ಪೇಪರ್ ಪುಟ ಬಹುತೇಕ ಬರೀ ಚಿತ್ರ. ವೆಬ್ ಆವೃತ್ತಿಯಲ್ಲಿ ಬಂದರೂ ಸೈಟಿನ ವಿಳಾಸವನ್ನು ಸುಮ್ಮನೆ ಅಕ್ಷರದಲ್ಲಿ ಬರೆದು ಬಿಟ್ಟಿರುತ್ತಾರೆ. ಪುಟದ ಕೋಡಿನಲ್ಲಿ 'ಎ' ಟ್ಯಾಗ್, ಅದರೊಳಗೆ ವಿಳಾಸ ಹೇಳುವ 'ಎಚ್‌ರೆಫ್' ಇದ್ದರೆ ಮಾತ್ರ ಅದು ಗೂಗಲ್ ಭರವಸೆಯಿಂದ ಹಿಂಬಾಲಿಸುವ ಲಿಂಕು. ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಸಲ ಫಾರ್ವರ್ಡ್ ಆದರೂ ಗೂಗಲ್ ಅದನ್ನು ನೋಡುವುದಿಲ್ಲ. ಗಿರಾಕಿ ಬರಬಹುದು, ರ‍್ಯಾಂಕ್ ಬಾರದು.

ಇವನ್ನು ಹುಡುಕುವಾಗ ಸಂಸ್ಥೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಮೈನಸ್ ಗುರುತಿನಿಂದ ನಿಮ್ಮ ಸೈಟನ್ನು ಹೊರಗಿಡಿ. ಒಂದೇ ಕಾಗುಣಿತಕ್ಕೆ ನಿಲ್ಲಬೇಡಿ. ಊರಿನ ಹೆಸರು ಇಂಗ್ಲಿಷಿನಲ್ಲಿ 'ಕಾಸರಗೋಡ್', 'ಕಾಸರ್‌ಗೋಡ್' ಎರಡೂ ಇದೆ. ಕನ್ನಡದ ಕುಂಬಳೆ ಮಲಯಾಳದಲ್ಲಿ ಕುಂಬಳ, ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಹುಡುಕಿದರೆ ಮಾತ್ರ ಪಟ್ಟಿ ಪೂರ್ತಿಯಾಗುತ್ತದೆ.

ಸಿಕ್ಕಿದವರಿಗೆ ಉದ್ದ ಪತ್ರ ಬೇಡ. ಯಾವ ಪುಟ, ಯಾವ ಪ್ಯಾರಾ, ಅಲ್ಲಿ ಯಾವ ವಿಳಾಸ ಜೋಡಿಸಬೇಕು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ವಾರ ಬಿಟ್ಟು ಒಂದು ಸಲ ನೆನಪಿಸಿ, ಅಲ್ಲಿಗೆ ಬಿಡಿ. ಸ್ಥಳೀಯ ಪೋರ್ಟಲುಗಳಲ್ಲಿ ಇ-ಮೇಲಿಗಿಂತ ಫೋನಿಗೇ ಬೆಲೆ ಹೆಚ್ಚು. ಯಾವ ಪದದ ಮೇಲೆ ಲಿಂಕು ಹಾಕುವುದೆಂಬುದನ್ನು ಅವರಿಗೇ ಬಿಡಿ. ಸಂಸ್ಥೆಯ ಹೆಸರಿದ್ದರೆ ಸಾಕು. ಹತ್ತು ಕಡೆ ಹತ್ತೂ 'ಅಗ್ಗದ ಅಡಿಕೆ ಸಸಿ ಕಾಸರಗೋಡು' ಎಂದೇ ಇದ್ದರೆ ಯಾರೋ ಕೂತು ಹಾಕಿಸಿದ್ದೆಂದು ಯಂತ್ರಕ್ಕೂ ಗೊತ್ತಾಗುತ್ತದೆ.

ಇನ್ನು ಹೊಸ ಲಿಂಕು. ಅಂಗಡಿಯ 'ನಮ್ಮ ಬಗ್ಗೆ' ಪುಟಕ್ಕೆ ಯಾರೂ ಲಿಂಕು ಕೊಡುವುದಿಲ್ಲ, ಕೊಡಬೇಕಾದ ಕಾರಣವೂ ಇಲ್ಲ. ಊರಿನವರು ವರ್ಷವರ್ಷ ಕೇಳುವ ಪ್ರಶ್ನೆಗೆ ಪೂರ್ತಿ ಉತ್ತರ ಇರುವ ಒಂದೇ ಒಂದು ಪುಟ ಬೇಕು. ಸ್ಪ್ರೇಯರ್ ಅಂಗಡಿಗಾದರೆ ಬೋರ್ಡೋ ದ್ರಾವಣದ ಲೆಕ್ಕ ಹೇಳಿಮಾಡಿಸಿದ ವಿಷಯ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ದ್ರಾವಣ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಅಲ್ಲ. ಕಬ್ಬಿಣದ ಪಾತ್ರೆ ಆಗದು. ಉಜ್ಜಿದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಪುಟದಲ್ಲಿ ಡ್ರಮ್ಮಿನ ಲೀಟರ್ ತುಂಬಿಸಿದರೆ ತುತ್ತು, ಸುಣ್ಣದ ತೂಕ ಬರುವ ಸಣ್ಣ ಲೆಕ್ಕಯಂತ್ರ ಇರಲಿ: 200 ಲೀಟರಿಗೆ ಎರಡೆರಡು ಕಿಲೋ. ಚಾಕುವಿನ ಫೋಟೋ ಇರಲಿ, ಕೆಂಪು ಹಿಡಿದದ್ದು ಒಂದು, ಹಿಡಿಯದ್ದು ಒಂದು. ಕೂಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸಿಗೆ ನೀವೇ ಲಿಂಕು ಕೊಡಿ, ಓದುವವರಿಗೆ ನಂಬಿಕೆ ಬರುತ್ತದೆ.

ಮೊದಲ ಸಿಂಪಡಣೆ ಮಳೆಗಾಲಕ್ಕೆ ಮುಂಚೆ, ಎರಡನೆಯದು 40–45 ದಿನ ಬಿಟ್ಟು. ಹಾಗಾಗಿ ಪುಟ ಏಪ್ರಿಲ್ ಒಳಗೆ ಸಿದ್ಧವಾಗಿರಬೇಕು. ಜೂನ್‌ನಲ್ಲಿ ಹಾಕಿದರೆ ಗೂಗಲ್ ಅದನ್ನು ಕಂಡು, ನಾಲ್ಕು ಜನ ಲಿಂಕು ಕೊಡುವ ಹೊತ್ತಿಗೆ ಸಿಂಪಡಣೆ ಮುಗಿದಿರುತ್ತದೆ. ಗಡಿಯಲ್ಲಿರುವುದರ ಲಾಭ ಇಲ್ಲಿ ಕಾಣುತ್ತದೆ: ಇದೇ ಪುಟ ವಿಟ್ಲ, ಪುತ್ತೂರು, ಸುಳ್ಯದ ಕನ್ನಡ ಕೃಷಿಕರಿಗೂ ಬೇಕು, ಮಲಯಾಳದಲ್ಲಿ ಇನ್ನೊಂದು ಮಾಡಿದರೆ ತೆಂಕಣ ಕಡೆಯವರಿಗೂ ಬೇಕು. ಮಲಯಾಳ ಸೈಟಿನ ಲಿಂಕು ಮಲಯಾಳ ಪುಟಕ್ಕೇ ಬರುವಂತೆ ನೋಡಿಕೊಳ್ಳಿ, ಎರಡು ಪುಟಗಳನ್ನೂ ಒಳಗಿನಿಂದ ಪರಸ್ಪರ ಜೋಡಿಸಿ.

ಡೈರೆಕ್ಟರಿ, ಫೇಸ್‌ಬುಕ್, ವಿಕಿಪೀಡಿಯ ಲಿಂಕುಗಳು ಬಹುತೇಕ 'ನೋಫಾಲೋ', ಅಂದರೆ ರ‍್ಯಾಂಕಿಗೆ ಲೆಕ್ಕ ಹಿಡಿಯಬೇಡಿ ಎಂಬ ಗುರುತು ಇರುವಂಥವು. ರ‍್ಯಾಂಕಿಗೆಂದು ಅವುಗಳ ಹಿಂದೆ ಓಡಬೇಡಿ. ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ರೀತಿ ಇದ್ದರೆ ಸಾಕು.

'ಈ ಲಿಂಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ' ಎಂದು ಗೂಗಲಿಗೆ ಕೊಡುವ ಡಿಸಅವೋ ಕಡತವನ್ನು ಸುಮ್ಮನೆ ಮುಟ್ಟಬೇಡಿ. ಸರ್ಚ್ ಕನ್ಸೋಲಿನ 'ಮ್ಯಾನುಯಲ್ ಆ್ಯಕ್ಷನ್ಸ್' (ಗೂಗಲ್ ಸಿಬ್ಬಂದಿ ಕೈಗೊಂಡ ಕ್ರಮ) ಪುಟದಲ್ಲಿ ಎಚ್ಚರಿಕೆ ಬಂದಿದ್ದರೆ, ಇಲ್ಲವೇ ಹಿಂದೆ ಲಿಂಕು ಕೊಂಡು ಅಂಥ ಎಚ್ಚರಿಕೆ ಬರುವ ಲಕ್ಷಣ ಕಂಡರೆ ಮಾತ್ರ ಅದು ಬೇಕು. ಗಾಬರಿಯಲ್ಲಿ ಒಳ್ಳೆಯ ಲಿಂಕನ್ನೂ ಅದರಲ್ಲಿ ತುಂಬಿಸಿದರೆ ನಷ್ಟ ನಿಮಗೇ.

ಕೊನೆಗೆ ಪ್ರಾಯೋಜಕತ್ವ. ಬ್ರಹ್ಮಕಲಶ, ಯಕ್ಷಗಾನ ಸಪ್ತಾಹ, ಕ್ಲಬ್ಬಿನ ಟೂರ್ನಮೆಂಟಿಗೆ ದೇಣಿಗೆ ಕೊಟ್ಟು ಅವರ ಸೈಟಿನಲ್ಲಿ ಲಿಂಕು ಪಡೆಯುವುದು ತಪ್ಪಲ್ಲ. ಆದರೆ ಅದು ದುಡ್ಡು ಕೊಟ್ಟು ಬಂದದ್ದು. 2019ರಿಂದ ಇಂಥದಕ್ಕೆಂದೇ ಲಿಂಕಿನ ಕೋಡಿನೊಳಗೆ ಬರೆಯುವ 'ಸ್ಪಾನ್ಸರ್ಡ್' ಎಂಬ ರೆಲ್ ಗುರುತು ಇದೆ, ಅದನ್ನು ಹಾಕಿಸಿ. ಇಂಥ ಸಮಿತಿಗಳು ಡೊಮೈನನ್ನು, ಅಂದರೆ ಸೈಟಿನ ಹೆಸರನ್ನು, ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಂಡಿರುತ್ತವೆ. ಉತ್ಸವ ಮುಗಿದ ಮೇಲೆ ನವೀಕರಿಸುವವರಿಲ್ಲ. ಅವಧಿ ಮೀರಿದ ಹೆಸರನ್ನು ಜೂಜಿನ ಸೈಟಿನವರು ಕೊಳ್ಳುವುದುಂಟು, ನಿಮ್ಮ 'ನಮ್ಮ ಸೇವೆ' ಪುಟದಿಂದ ಸಮಿತಿಯ ಸೈಟಿಗೆ ನೀವು ಕೊಟ್ಟ ಲಿಂಕು ಆಗ ನೇರ ಜೂಜಿನ ಮನೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ, ಹೊರಗೆ ಹೋಗುವ ಲಿಂಕುಗಳನ್ನೂ ಒಂದೊಂದಾಗಿ ಒತ್ತಿ ನೋಡಿ, ಹೀಗಾದದ್ದನ್ನು ಕಿತ್ತುಹಾಕಿ.