ಪಿಸಿಎಂ ಜೊತೆಗೆ ನಾಲ್ಕನೆಯದು

ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿಗೆ ಒಳ್ಳೆ ಮಾರ್ಕ್ಸ್ ಬಂದರೆ ಮುಂದೇನು ಅಂತ ಯಾರೂ ಕೇಳುವುದಿಲ್ಲ. "ಪಿಸಿಎಂಬಿ ತಾನೇ?" ಅಂತಾರೆ, ಅಷ್ಟೇ. ಅಂದರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. 1951ರಲ್ಲೇ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಮೆಡಿಕಲ್ ಕಾಲೇಜು ಬಂದ ಊರು ನಮ್ಮದು. ಪಿಸಿಎಂಬಿ ತಗೊಂಡರೆ ಯಾವ ಕಡೆಗಾದರೂ ಹೋಗಬಹುದು ಅನ್ನೋದು ಓಣಿಯವರೆಲ್ಲರ ಲೆಕ್ಕ.

ಆ ಲೆಕ್ಕ ತಪ್ಪೇನಲ್ಲ. ನೀಟ್ ಬರೆಯುವವರಿಗೆ ಬಯಾಲಜಿ ಬೇಕೇ ಬೇಕು, 720ರಲ್ಲಿ 360 ಮಾರ್ಕ್ಸ್ ಅದಕ್ಕೇ. ಬಿ.ಎಸ್ಸಿ ಅಗ್ರಿ ಅನ್ನುವವರಿಗೂ ಬೇಕು. ಆದರೆ ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸಾಕು. ಹಾಗಾಗಿ ಡಾಕ್ಟರ್ ಆಗುವ ಮನಸ್ಸಿಲ್ಲದ ನನ್ನಂಥವರಿಗೆ ನಾಲ್ಕನೇ ಸಬ್ಜೆಕ್ಟ್ ಒಂದೇ ನಮ್ಮ ಇಷ್ಟಕ್ಕೆ ಬಿಟ್ಟದ್ದು. ಅದನ್ನೂ ಓಣಿಯವರಿಗೆ ಬಿಟ್ಟುಕೊಡೋದು ಯಾಕೆ? ಒಮ್ಮೆ ಆರಿಸಿದರೆ ಸೆಕೆಂಡ್ ಪಿಯು ಮುಗಿಯುವವರೆಗೂ ಅದರ ಜೊತೆಗೇ ಏಗಬೇಕಲ್ವಾ!

ಪಕ್ಕದ ಮನೆ ಅಕ್ಕ ತನ್ನ ಗೆಳತಿಯರಿಂದ ಹಳೇ ಪುಸ್ತಕಗಳನ್ನು ತಂದುಕೊಟ್ಟಳು. "ಫಸ್ಟ್ ಇಯರ್ದು ನೋಡಬೇಡ, ಅದು ಎಲ್ಲಾ ಸಬ್ಜೆಕ್ಟಲ್ಲೂ ಸುಲಭಾನೇ ಇರುತ್ತೆ. ಸೆಕೆಂಡ್ ಇಯರ್ ಪುಸ್ತಕ ತೆಗೆ" ಅಂದಳು. ನನಗೆ ಸಿಕ್ಕ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ಬಯಾಲಜಿ ಹತ್ತು ಪುಟಕ್ಕೆ ಸಾಕಾಯಿತು. ಕಂಪ್ಯೂಟರ್ ಸೈನ್ಸಿನ ಲಾಜಿಕ್ ಗೇಟ್ ಹಿಡಿಸಿತು. ಎಲೆಕ್ಟ್ರಾನಿಕ್ಸ್ ಪುಸ್ತಕದ ಟ್ರಾನ್ಸಿಸ್ಟರ್ ಚಿತ್ರಗಳನ್ನು ಸುಮ್ನೆ ನೋಡುತ್ತಾ ಕೂತೆ, ತಲೆಗೆ ಹತ್ತಲಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ಎಲ್ಲಕ್ಕಿಂತ ಕೆಳಗಿತ್ತು. ಬೆಲೆ ಸೂಚ್ಯಂಕ, ಜನನ ಮರಣದ ಲೆಕ್ಕ, ಕ್ವಾಲಿಟಿ ಕಂಟ್ರೋಲ್. ಸ್ಯಾಂಪಲ್ ನೋಡಿ ಇಡೀ ರಾಶಿಯ ಬಗ್ಗೆ ಹೇಳುವ ಪಾಠಕ್ಕೆ ಬಂದಾಗ ನನಗೆ ನೆನಪಾದದ್ದು ಎಪಿಎಂಸಿ ಯಾರ್ಡು.

ಅಪ್ಪಾಜಿ ಅಲ್ಲಿ ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ದಸರಾ ರಜೆಯಲ್ಲಿ ಬುತ್ತಿ ಕೊಡಲು ಹೋಗುತ್ತಿದ್ದೆ. ಮೆಕ್ಕೆಜೋಳದ ಸುಗ್ಗಿ, ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಪ್ಪಾಜಿ ಒಂದು ತುದಿ ಚೂಪಾದ ಕಬ್ಬಿಣದ ಕೊಳವೆ ಹಿಡಿದು ಚೀಲದ ಹೊಟ್ಟೆಗೆ ಚುಚ್ಚುತ್ತಿದ್ದರು. ಕೊಳವೆಯೊಳಗಿಂದ ಕಾಳು ಅಂಗೈಗೆ ಜಾರುತ್ತಿತ್ತು. ಊದಿ ಹೊಟ್ಟು ಹಾರಿಸಿ, ಒಂದು ಕಾಳು ಹಲ್ಲಿಗೆ ಕೊಟ್ಟು ಕಟಕ್ ಅನ್ನಿಸಿ, "ಇನ್ನೂ ಒಣಗ್ಬೇಕು" ಅನ್ನುತ್ತಿದ್ದರು. ತೇವ ನೂರಕ್ಕೆ 14 ದಾಟಿದರೆ ರೇಟು ಬೀಳುತ್ತದೆ. ಮೀಟರ್ ಇಟ್ಟರೂ ಹೆಚ್ಚು ಕಮ್ಮಿ ಅದೇ ಬರುತ್ತಿತ್ತು. ಅವರು ಎಲ್ಲ ಚೀಲಕ್ಕೂ ಚುಚ್ಚುತ್ತಿರಲಿಲ್ಲ. ಮೇಲಿನದು, ನಡುವಿನದು, ಗೋಡೆ ಕಡೆ ಮರೆಯಾಗಿರುವುದು, ಹೀಗೆ ಒಂದಿಷ್ಟು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಅಪ್ಪಾಜಿ, ನೀವು ಚೀಲಕ್ಕೆ ಚುಚ್ಚಿ ನೋಡ್ತೀರಲ್ಲ, ಅದೇ ಇದು."

"ಅದನ್ನ ಓದಾಕೆ ಕಾಲೇಜು ಬೇಕೇನವ್ವಾ?"

"ಎಷ್ಟು ಚೀಲಕ್ಕೆ ಚುಚ್ಚಿದ್ರೆ ಸಾಕು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?"

"ರೂಢಿ."

"ರೂಢಿ ಇಲ್ದೋರಿಗೆ ಈ ಪುಸ್ತಕ."

ಅಪ್ಪಾಜಿ ನಕ್ಕು ಬಿಟ್ಟರು. ಅಮ್ಮ ನಗಲಿಲ್ಲ. "ಎಷ್ಟು ಓದಿದ್ರೂ ಚೀಲ ಎಣಿಸೋದೇ ಆಯ್ತಾ?" ಅಂದಳು.

ಅಡ್ಮಿಷನ್ ದಿನ ಮೊದಲು ಹೋದ ಕಾಲೇಜಿನಲ್ಲಿ ಗುಮಾಸ್ತರು ತಲೆ ಎತ್ತದೆ, "ಸ್ಟ್ಯಾಟ್ಸಾ? ಕಾಮರ್ಸ್ ಕೌಂಟರ್ ಆ ಕಡೆ" ಅಂದರು. ಸೈನ್ಸಿನಲ್ಲಿ ಪಿಸಿಎಂಎಸ್ ಅಂತ ಒಂದಿದೆ ಅಂದೆ. ನಮ್ಮಲ್ಲಿ ಇಲ್ಲ, ಈ ಮಾರ್ಕ್ಸಿಗೆ ಪಿಸಿಎಂಬಿ ಬಿಟ್ಟು ಯಾಕಮ್ಮಾ ಹಾಳಾಗ್ತೀಯ ಅಂದರು. ನಮ್ಮ ಹಿಂದೆ ಸಾಲಿನಲ್ಲಿದ್ದವರೊಬ್ಬರು ಅಪ್ಪಾಜಿಗೂ ಅದನ್ನೇ ಹೇಳಿದರು. ಅಪರಿಚಿತರಿಗೆ ಇಷ್ಟು ಕಾಳಜಿ ಎಲ್ಲಿಂದ ಬರುತ್ತೋ! ಅಪ್ಪಾಜಿ ಮಾತಾಡದೆ ಮಾರ್ಕ್ಸ್ ಕಾರ್ಡ್ ವಾಪಸ್ ತಗೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದರು. ಇನ್ನೊಂದು ಕಡೆ ಸಿಕ್ಕಿತು. ಚಿಕ್ಕ ಬ್ಯಾಚು, ಎಲ್ಲ ಸೇರಿದರೆ ನಾಲ್ಕು ಬೆಂಚು ತುಂಬುತ್ತಿರಲಿಲ್ಲ. ಅಲ್ಲಿನ ಮೇಡಂ ಮೊದಲ ಕ್ಲಾಸಿನಲ್ಲೇ, 1930ರ ದಶಕದಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಸ್ಯಾಂಪಲ್ ಸರ್ವೆಯಿಂದ ಅಂದಾಜು ಮಾಡಿದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕತೆ ಹೇಳಿದರು. ಸಂಜೆ ಅಮ್ಮನಿಗೆ ಅದನ್ನೇ ಹೇಳಿದೆ. "ಅವರೂ ಬೆಳೆ ಲೆಕ್ಕಾನೇ ಮಾಡಿದ್ರಾ?" ಅಂತ ಕೇಳಿ ರೊಟ್ಟಿ ತಟ್ಟಲು ಹೋದಳು.

ಸೆಕೆಂಡ್ ಪಿಯುನಲ್ಲಿ ಟ್ರಾನ್ಸ್‌ಪೋರ್ಟೇಷನ್ ಪ್ರಾಬ್ಲಂ ಬಂತು. ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಮಾಲು ಕಳಿಸಿದರೆ ಖರ್ಚು ಕಡಿಮೆ ಅನ್ನುವ ಲೆಕ್ಕ. ಪುಸ್ತಕದ ಎ, ಬಿ, ಸಿ ಬದಲು ಜಗಳೂರು, ಹರಿಹರ, ಚನ್ನಗಿರಿ ಅಂತ ಬರೆದುಕೊಂಡು, ಮೊದಲು ಕೋಷ್ಟಕದ ಎಡಗಡೆ ಮೇಲಿನ ಮೂಲೆಯಿಂದ ತುಂಬುವ ವಿಧಾನದಲ್ಲಿ ಮಾಡಿದೆ. ಆಮೇಲೆ ಎಲ್ಲಕ್ಕಿಂತ ಕಡಿಮೆ ಖರ್ಚಿನ ಮನೆಯಿಂದ ಶುರು ಮಾಡುವ ವಿಧಾನದಲ್ಲಿ ಮಾಡಿದೆ. ಎರಡನೆಯದರಲ್ಲಿ ಖರ್ಚು ಇಳಿಯಿತು. ಖುಷಿಯಿಂದ ಅಪ್ಪಾಜಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು.

"ಎಲ್ಲಾ ಸರಿ ಐತಿ. ಲಾರಿ ಬಾಡಿಗೆ ಅಷ್ಟೇ ಹಿಡಿದೀಯಲ್ಲ, ಹಮಾಲಿ ಯಾರು ಕೊಡ್ತಾರೆ?"