ಏಸಿ ವೆಂಟಿನ ರೆಕ್ಕೆಗೆ ಪಿಎಲ್‌ಎ ಬೇಡ

ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ. ಇಂಥ ಹಳೇ ಕಾರಿನಲ್ಲಿ ಸತಾಯಿಸುವುದು ಏಸಿ ವೆಂಟಿನ ರೆಕ್ಕೆಯಂಥ ಚಿಲ್ಲರೆ ಪ್ಲಾಸ್ಟಿಕ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗದಿದ್ದರೆ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳಬಹುದು.

ಆ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಅಗ್ಗ, ಸಲೀಸು. ಆದರೆ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ದಾಟುವುದು ಮಾಮೂಲಿ. ಬೆಳಿಗ್ಗೆ ಕೂರಿಸಿದ ರೆಕ್ಕೆ ಸಂಜೆಗೆ ಹಪ್ಪಳದ ಹಾಗೆ ಸೊಟ್ಟಗಾಗಿರುತ್ತದೆ. ಪಿಇಟಿಜಿ 80ರವರೆಗೆ ಹೇಗೋ ತಳ್ಳೀತು. ಎಬಿಎಸ್ ಶಾಖ ತಡೆದರೂ ಬಿಸಿಲಿಗೆ ಹಳದಿಗಟ್ಟಿ ಪೆಡಸಾಗುತ್ತದೆ. ಎರಡನ್ನೂ ತಾಳುವುದು ಎಎಸ್‌ಎ. ಬೇರೆಯದರ ಮೇಲೆ ದುಡ್ಡು ಹಾಕಬೇಡಿ.

ಎಎಸ್‌ಎಗೆ ಪ್ಲಾಸ್ಟಿಕ್ ಕರಗಿಸಿ ಸುರಿಯುವ ನಾಝಲ್ 250 ಡಿಗ್ರಿ, ಪದರಗಳು ಕೂರುವ ಬೆಡ್ 100, ಫ್ಯಾನ್ ಬಹುತೇಕ ಬಂದ್, ಸುತ್ತ 8 ಮಿ.ಮೀ. ಬ್ರಿಮ್, ಅಂದರೆ ಬೆಡ್ಡಿಗೆ ಅಂಟಿ ಹಿಡಿಯುವ ತೆಳು ಅಂಚು. ಮೆಷಿನ್ ಪೆಟ್ಟಿಗೆಯೊಳಗೇ ಇರಬೇಕು. ಹೇಗೆ ಬರುತ್ತಿದೆ ನೋಡೋಣ ಎಂದು ನಡುವೆ ಬಾಗಿಲು ತೆಗೆದಿರೋ, ತಣ್ಣನೆ ಗಾಳಿಗೆ ಮೇಲಿನ ಪದರಗಳು ಕುಗ್ಗಿ ಕೆಳಗಿನವನ್ನು ಎಳೆಯುತ್ತವೆ. ಮೂಲೆ ಮೇಲೇಳುತ್ತದೆ, ಪದರ ಬಿರಿಯುತ್ತದೆ. ಹೊಗೆ ಒಳ್ಳೆಯದಲ್ಲ, ಕೋಣೆಯ ಕಿಟಕಿ ತೆರೆದಿರಲಿ.

ಪದರ ಕುಗ್ಗಿ ಎಳೆಯುವ ಈ ಸೆಳೆತ ಲೋಹವನ್ನೂ ಬಿಟ್ಟಿಲ್ಲ. 2018ರಲ್ಲಿ ಕಾರು ಕಂಪನಿ ಬುಗಾಟಿ ಟೈಟಾನಿಯಂ ಪುಡಿಯಿಂದ ಮುದ್ರಿಸಿದ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) 2,213 ಪದರ, 45 ಗಂಟೆ. ಅಲ್ಯೂಮಿನಿಯಂನದು 4.9 ಕೆ.ಜಿ. ಇದ್ದರೆ ಇದು 2.9. ಆದರೂ ಅಷ್ಟಕ್ಕೇ ಮುಗಿಯಲಿಲ್ಲ: ಒಳಗಿನ ಸೆಳೆತ ಇಳಿಸಲು 700 ಡಿಗ್ರಿಯ ಕುಲುಮೆಗೆ ಹಾಕಿದರು, ಆಮೇಲೆ ಮಿಲ್ಲಿಂಗ್, ಅಂದರೆ ಯಂತ್ರದಲ್ಲಿ ಕೆತ್ತನೆ. ಮನೆಯ ಮೆಷಿನ್ನಿನ ಪ್ಲಾಸ್ಟಿಕ್ಕನ್ನು ಬ್ರೇಕಿಗೂ ಸ್ಟೀರಿಂಗಿಗೂ ಸೋಕಿಸಬಾರದು ಅನ್ನುವುದು ಇದಕ್ಕೇ.

ಅಳತೆಗೆ ಮುರಿಯದ ರೆಕ್ಕೆಯೊಂದನ್ನು ಬಿಚ್ಚಿ ವರ್ನಿಯರ್ ಹಿಡಿಯಿರಿ. ವೆಂಟಿನ ರಂಧ್ರ 4 ಮಿ.ಮೀ. ಇದ್ದರೆ ಅದರೊಳಗೆ ತಿರುಗುವ ರೆಕ್ಕೆಯ ತುದಿಯ ಪಿನ್ 3.8. ಎಎಸ್‌ಎ ಕುಗ್ಗುವುದರಿಂದ 150 ಮಿ.ಮೀ. ಉದ್ದಕ್ಕೆ ಹತ್ತಿರ ಹತ್ತಿರ 1 ಮಿ.ಮೀ. ಹೆಚ್ಚಿಗೆ ಇಡಿ.

ಮುರಿಯುವುದು ಯಾವಾಗಲೂ ಆ ಪಿನ್ನೇ. ರೆಕ್ಕೆಯನ್ನು ನಿಲ್ಲಿಸಿ ಮುದ್ರಿಸಿದರೆ ಪದರಗಳು ಪಿನ್ನಿಗೆ ಅಡ್ಡ ಬಿದ್ದು, ಬೆರಳು ತಾಗಿಸಿದರೆ ಸಾಕು, ಪಟ್ಟೆಂದು ತುಂಡಾಗುತ್ತದೆ. ಮಲಗಿಸಿ ಮುದ್ರಿಸಿ. ಅದೂ ಸಾಲದಿದ್ದರೆ ಪ್ಲಾಸ್ಟಿಕ್ ಪಿನ್ನನ್ನೇ ಬಿಟ್ಟು, ರೆಕ್ಕೆಯ ತುದಿಯಲ್ಲಿ 2 ಮಿ.ಮೀ. ರಂಧ್ರ ಕೊರೆದು ಸೈಕಲ್ ಸ್ಪೋಕಿನ ತುಂಡು ತುರುಕಿ. ವೆಂಟಿನ ಕಡೆಯ 4 ಮಿ.ಮೀ. ರಂಧ್ರಕ್ಕೆ ಸಣ್ಣದೊಂದು ಬುಷ್ (ಕೊಳವೆಯಂಥ ತುಂಡು) ಹಾಕಿದರೆ ಸ್ಪೋಕ್ ಸಡಿಲವಾಗಿ ಆಡುವುದಿಲ್ಲ.